ನೂರಕ್ಕೆ ನಲವತ್ತು

ಆಕೆಗೆ ಕಂಪ್ಯೂಟರ್ ಬರಲಿಲ್ಲ, ಅದಕ್ಕೇ ಕೆಲಸ ಬಿಟ್ಟಳು ಎನ್ನುವುದು ಸುಳ್ಳು. ಮ್ಯಾನೇಜರ ಮಾಡಿದ ತಪ್ಪನ್ನು ತನ್ನದೆಂದು ಬರೆದುಕೊಡಲಿಲ್ಲ, ಅದಕ್ಕೆ ಹೊರಗೆ ಹಾಕಿದರು. ನಡೆದದ್ದು ಇಷ್ಟು.

ಹೋದ ತಿಂಗಳು ಆಕೆ ಸತ್ತಳು. ಗೋವಾದ ವಾಸ್ಕೋದಲ್ಲಿ ಬೇಕರಿಯ ಮೇಲಿದ್ದ ಆಕೆಯ ಖೋಲಿಗೆ ಹೋದಾಗ ವರ್ಕ್‌ಶಾಪಿನ ಹಳಬರು ನಾಲ್ಕು ಜನ ಬಂದಿದ್ದರು. ಅವರಲ್ಲೊಬ್ಬ ಒಳ್ಳೆಯ ಮಾತಾಡಬೇಕೆಂದು, “ಪಾಪ, ಹಳೀ ಕಾಲದಾಕಿ. ಕಂಪ್ಯೂಟರ್ ಬಂದ ಮ್ಯಾಲೆ ಆಕಿ ಕೈಲೆ ನೀಗಲಿಲ್ಲ,” ಎಂದ.

“ಪಾಪ ಅನ್ನಬ್ಯಾಡ,” ಎಂದೆ. “ಯಾವ ದೇಶದ ರೊಕ್ಕ ಎಷ್ಟು ಅಂತ ಆ ಕಂಪ್ಯೂಟರಿಗೆ ಕಲಿಸಿದಾಕಿನ ಆಕಿ.”

ಹೆಣದ ಮುಂದೆ ಯಾಕೆ ಎಂದು ಯಾರೋ ನನ್ನ ಸೆರಗು ಜಗ್ಗಿದರು. ಅಲ್ಲಿ ಅಷ್ಟಕ್ಕೇ ನಿಲ್ಲಿಸಿದೆ. ಉಳಿದದ್ದನ್ನು ಇಲ್ಲಿ ಮೊಮ್ಮಗಳ ಕೈಯಿಂದ ಬರೆಸುತ್ತೇನೆ.

ಎದುರಿಗೆ ನಾನು ಆಕೆಯನ್ನು ಅಕ್ಕಾರ ಎನ್ನುತ್ತಿದ್ದೆ. ಇಲ್ಲಿ ಆಕೆ ಎಂದೇ ಬರೆಸುತ್ತೇನೆ. ಹೆಸರು ಬೇಡ. ತನ್ನ ಹೆಸರು ತನ್ನದಲ್ಲದ ಕಾಗದದ ಮೇಲೆ ಇರುವುದು ಆಕೆಗೆ ಸೇರುತ್ತಿರಲಿಲ್ಲ.

ನಮ್ಮದು ವಾಸ್ಕೋ ಖಾಡಿಯ ದಂಡೆಯಲ್ಲಿ ಬಾರ್ಜ್ ರಿಪೇರಿ ಮಾಡುವ ವರ್ಕ್‌ಶಾಪು. ಅದಿರು ಹೊತ್ತು ಹಡಗಿಗೆ ಹಾಕುವ ಚಪ್ಪಟೆ ದೋಣಿಗಳೇ ಬಾರ್ಜು. ಮಳೆಗಾಲದಲ್ಲಿ ಅದಿರಿನ ಕೆಲಸ ನಿಂತಾಗ ಅವೆಲ್ಲ ರಿಪೇರಿಗೆ ಬಂದು ಸಾಲು ನಿಲ್ಲುತ್ತಿದ್ದವು. ನಾನು ಅಲ್ಲಿ ಕಸ ಹೊಡೆಯುತ್ತಿದ್ದೆ, ಆಫೀಸಿಗೆ ಚಹಾ ಮಾಡುತ್ತಿದ್ದೆ. ನಮ್ಮ ಮನೆಯಿದ್ದ ಮಂಗೋರ್ ಹಿಲ್‌ನಿಂದ ಬೆಳಿಗ್ಗೆ ಇಳಿದು ಹೋದರೆ ಸಂಜೆ ಏರಿ ಬರುತ್ತಿದ್ದೆ. ಆಕೆ ಲೆಕ್ಕದ ವಿಭಾಗದಲ್ಲಿದ್ದಳು. ಧಾರವಾಡದವಳು. ಸಂಬಳ, ಬಿಲ್ಲು, ಬ್ಯಾಂಕು ಇವೆಲ್ಲ ಬೇರೆಯವರ ಕೆಲಸ. ಆಕೆಯದು ಯಂತ್ರಗಳ ಲೆಕ್ಕ. ಕಂಪನಿಯ ಯಾವ ಯಂತ್ರ ಎಂದು ಬಂತು, ಎಷ್ಟಕ್ಕೆ ಬಂತು, ಸವೆದು ಸವೆದು ಈಗ ಎಷ್ಟು ಕಿಮ್ಮತ್ತು ಉಳಿದಿದೆ, ಎಲ್ಲವೂ ಒಂದು ದಪ್ಪ ಪುಸ್ತಕದಲ್ಲಿತ್ತು. ಪ್ರತಿ ಯಂತ್ರಕ್ಕೂ ಒಂದು ನಂಬರು. ಆ ನಂಬರನ್ನು ಯಂತ್ರದ ಮೈಮೇಲೂ ಬರೆದಿರುತ್ತಿದ್ದರು.

ನನಗೂ ಆಕೆಗೂ ಪರಿಚಯವಾದದ್ದು ಬೈಗುಳದಿಂದ. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಚಲೋ ಹೆಸರು ತೆಗೆದುಕೊಳ್ಳಬೇಕೆಂದು ಸೀಮೆಎಣ್ಣೆ ಹಾಕಿ ಯಂತ್ರಗಳನ್ನು ತಿಕ್ಕಿದೆ. ಒಂಬತ್ತು ಯಂತ್ರಗಳ ನಂಬರು ಅಳಿಸಿಹೋಯಿತು. ಆಕೆ ಬಂದು ನೋಡಿ, ಯಾರದು ಈ ಕೆಲಸ ಎಂದು ಬೈದಳು. ನಾನೇ ಅಳಿಸಿದೆ ಎಂದೆ. ಸಾಹೇಬನಿಗೆ ಹೇಳಲಿಲ್ಲ. ಬಿಳಿ ಬಣ್ಣದ ಡಬ್ಬಿ, ಒಂದು ಕುಂಚ ತಂದು ನನ್ನ ಮುಂದೆ ಇಟ್ಟಳು.

“ಅಳಿಸಿದಾಕಿನ ಬರಿ.”

“ನಂಗ ಬರೀಲಿಕ್ಕೆ ಬರಾಂಗಿಲ್ರಿ ಅಕ್ಕಾರ.”

“ಅಂಕಿ ಬರತಾವಿಲ್ಲೋ?”

ಮೂರನೇ ಇಯತ್ತೆಯವರೆಗೆ ಕಲಿತಿದ್ದೆ, ಅಂಕಿ ಬರುತ್ತಿದ್ದವು. ಬರೆದೆ. ಎಂಟು ಎನ್ನುವುದು ಸ್ವಲ್ಪ ವಾಲಿತು. ಅದನ್ನು ಒರೆಸಿ ಮತ್ತೆ ಬರೆಸಿದಳು. ಅಂದಿನಿಂದ ನಂಬರು ಬರೆಯುವುದು ನನ್ನ ಕೆಲಸವೇ ಆಯಿತು. ಅದಕ್ಕೆ ಹೆಚ್ಚಿನ ಪಗಾರ ಕೊಡಿಸಿದಳೇ ಎಂದು ಕೇಳಬೇಡಿ. ಕೊಡಿಸಲಿಲ್ಲ.

ವರ್ಷಕ್ಕೊಮ್ಮೆ ಆಕೆ ಪುಸ್ತಕ ಹಿಡಿದು ವರ್ಕ್‌ಶಾಪು ಸುತ್ತುತ್ತಿದ್ದಳು. ಬೇರೆ ಕಂಪನಿಗಳಲ್ಲಿ ಕುರ್ಚಿಯಲ್ಲೇ ಕೂತು ಎಲ್ಲದಕ್ಕೂ ಟಿಕ್ ಹಾಕುತ್ತಾರಂತೆ. ಈಕೆ ಹಾಗಲ್ಲ. ಪ್ರತಿ ಯಂತ್ರದ ಮುಂದೆ ನಿಂತು ಎಡಗೈಯನ್ನು ಅದರ ಮೇಲೆ ಪೂರ್ತಿ ಊರುವಳು, ಬಲಗೈಯಿಂದ ಟಿಕ್ ಹಾಕುವಳು. ಬಿಸಿಯಿದ್ದರೂ ಊರುವಳು, ಎಣ್ಣೆ ಸುರಿಯುತ್ತಿದ್ದರೂ ಊರುವಳು. ಸೀರೆಗೆ ಒರೆಸಿಕೊಳ್ಳದೆ ಮುಂದಿನ ಯಂತ್ರಕ್ಕೆ ಹೋಗುವಳು. ಸುತ್ತಾಟ ಮುಗಿಯುವಾಗ ಆ ಕೈ ಬಾಣಲೆಯ ತಳದಂತೆ ಆಗಿರುತ್ತಿತ್ತು. “ಕೈ ಮುಟ್ಟಿದ್ದಷ್ಟ ಐತಿ. ಉಳಿದದ್ದು ಮಾತು,” ಎನ್ನುತ್ತಿದ್ದಳು. ಆ ಸುತ್ತಾಟಕ್ಕೆ ನನ್ನನ್ನೇ ಕರೆಯುತ್ತಿದ್ದಳು. ಕಸ ಹೊಡೆಯುವವಳಿಗೆ ಗೊತ್ತಿಲ್ಲದ ಮೂಲೆ ಯಾವುದಿದೆ? ಸ್ಟೋರಿನವರು ಕಳೆದುಹೋಯಿತೆಂದು ಬರೆದಿದ್ದ ಒಂದು ವೆಲ್ಡಿಂಗ್ ಯಂತ್ರವನ್ನು ಹಳೆಯ ಹಗ್ಗದ ರಾಶಿಯ ಕೆಳಗಿಂದ ನಾನೇ ತೆಗೆಸಿಕೊಟ್ಟೆ. ಆಕೆ ಕೈ ಊರಿದಳು, ಟಿಕ್ ಹಾಕಿದಳು, ಮುಂದೆ ನಡೆದಳು. ಶಾಬಾಸ್ ಎನ್ನಲಿಲ್ಲ.

ಮೆತ್ತಗಿನ ಹೆಂಗಸು ಅಲ್ಲ. ನನ್ನ ಮಗನಿಗೆ ವರ್ಕ್‌ಶಾಪಿನಲ್ಲಿ ಹೆಲ್ಪರ್ ಕೆಲಸಕ್ಕೆ ಒಂದು ಮಾತು ಹೇಳ್ರಿ ಎಂದು ಕೇಳಿದೆ.

“ಹೇಳಾಂಗಿಲ್ಲ. ನಿನ ಮಗ ಕುಡಿತಾನ.”

ಕುಡಿಯುತ್ತಿದ್ದ, ನಿಜ. ಆದರೂ ಎರಡು ತಿಂಗಳು ಆಕೆಯ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದೆ. ಆಕೆಗೆ ಗೊತ್ತಾಯಿತು. ಹಾಗೇ ಕುಡಿದಳು. ಮೂರನೇ ತಿಂಗಳು ನಾನೇ ಸೋತು ಸರಿಯಾಗಿ ಹಾಕಿದೆ. “ಮುಗೀತೇನ ಸಿಟ್ಟು?” ಎಂದು ಕೇಳಿ ಲೋಟ ಬೋರಲು ಹಾಕಿದಳು.

ಧಾರವಾಡದ ಮಡಿಯ ಮನೆತನದವಳು ಗೋವಾಕ್ಕೆ ಬಂದು ಮೀನು ತಿನ್ನಲು ಕಲಿತಿದ್ದಳು. ಮುಚ್ಚಿಡುತ್ತಿರಲಿಲ್ಲ. ಊರಿನಿಂದ ತಮ್ಮ ಬಂದಾಗಲೂ ಬಾಂಗಡೆ ಹುರಿದೇ ಊಟ ಮಾಡುತ್ತಿದ್ದಳಂತೆ. ಆತ ಬಾಗಿಲಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದನಂತೆ. ಲಗ್ನ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ಕೇಳಿದವರು ಯಾರೂ ಚಲೋ ಇರಲಿಲ್ಲ,” ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಹೀಗಿರುವಾಗ ವರ್ಕ್‌ಶಾಪಿನ ಅರ್ಧ ಪಾಲನ್ನು ಪರದೇಶದ ಒಂದು ಕಂಪನಿ ತೆಗೆದುಕೊಂಡಿತು. ಅದಿರಿನ ಧಂದೆ ಜೋರಾಗಿದ್ದ ವರ್ಷಗಳು. ಮುಂಬೈಯಿಂದ ಹೊಸ ಮ್ಯಾನೇಜರ ಬಂದ. ಅವನ ಹಿಂದೆ ಕಂಪ್ಯೂಟರುಗಳು ಬಂದವು. ಯಂತ್ರಗಳ ಲೆಕ್ಕವೆಲ್ಲ ಪುಸ್ತಕದಿಂದ ತೆಗೆದು ಕಂಪ್ಯೂಟರಿನೊಳಗೆ ಹಾಕಬೇಕೆಂದು ಹುಕುಂ ಆಯಿತು. ಹೊಸ ಮಾಲೀಕರು ಯುರೋದಲ್ಲಿ ಲೆಕ್ಕ ನೋಡುವವರು, ನಾವು ರೂಪಾಯಿಯವರು, ಯಂತ್ರಗಳೋ ಜರ್ಮನಿ, ಜಪಾನು, ಅಮೆರಿಕ ಎಂದು ಕಂಡ ಕಂಡಲ್ಲಿಂದ ಬಂದವು. ಹಾಗಾಗಿ ಮೊದಲು ಯಾವ ಯಾವ ದೇಶದ ದುಡ್ಡು, ಅದರ ರೇಟು ಎಷ್ಟು ಎಂದು ಆ ಪೆಟ್ಟಿಗೆಗೆ ಹೇಳಿಕೊಡಬೇಕು. ಆಮೇಲೆ ಯಂತ್ರಗಳು. ಇದನ್ನು ಮಾಡಲು ಪುಣೆಯಿಂದ ಒಬ್ಬ ತಜ್ಞ ಬಂದ. ಆಕೆ ಅವನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಆಗ ಆಕೆಗೆ ಐವತ್ತಾರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಒಂದೇ ಬೆರಳಿನಿಂದ ಒತ್ತುತ್ತಿದ್ದಳು. ಒಂದೇ ಬೆರಳು, ಆದರೆ ತಪ್ಪು ಗುಂಡಿಗೆ ಬಿದ್ದದ್ದನ್ನು ನಾನು ಕಾಣೆ.

ಮೊದಲ ದಿನವೇ ಇಬ್ಬರಿಗೂ ಹತ್ತಿಕೊಂಡಿತು. ಎಲ್ಲ ಯಂತ್ರಗಳಿಗೂ ಇವತ್ತಿನ ರೇಟು ಹಾಕಿಬಿಡೋಣ, ಬೇಗ ಮುಗಿಯುತ್ತದೆ ಎಂದು ಪುಣೆಯವನು ಹೇಳಿದ. ಆಕೆ ಕುರ್ಚಿ ಹಿಂದಕ್ಕೆ ಸರಿಸಿದಳು.

“ನಿನ ಲಗ್ನ ಆಗೇತೇನಪಾ?” ಎಂದು ಮರಾಠಿಯಲ್ಲಿ ಕೇಳಿದಳು.

ಆಗಿದೆ ಎಂದ.

“ಲಗ್ನದಾಗ ಬಂಗಾರದ ರೇಟು ಎಷ್ಟಿತ್ತು? ಇವತ್ತು ಎಷ್ಟೈತಿ? ಆಕಿ ತಾಳಿ ಎಷ್ಟಕ್ಕ ತಂದಿ ಅಂತ ಯಾರರೆ ಕೇಳಿದ್ರ ಇವತ್ತಿನ ರೇಟು ಹೇಳ್ತೀಯೇನು?”

ಅವನು ನಕ್ಕ. ಆಕೆ ನಗಲಿಲ್ಲ. ಕಪಾಟು ತೆಗೆದು ಬ್ಯಾಂಕಿನ ಹಳೆಯ ಚೀಟಿಗಳ ಕಟ್ಟನ್ನು ಮೇಜಿನ ಮೇಲೆ ಹಾಕಿದಳು. ಪರದೇಶದಿಂದ ಬಂದ ಯಂತ್ರ ಹದಿನೇಳು, ಚೀಟಿ ಹದಿನೇಳು. ಪ್ರತಿಯೊಂದರಲ್ಲೂ ಆ ಯಂತ್ರಕ್ಕೆ ದುಡ್ಡು ಕಟ್ಟಿದ ದಿನದ ರೇಟು ಇತ್ತು. ಪುಣೆಯವನು ಚೀಟಿಗಳನ್ನು ನೋಡಿದ, ಆಕೆಯನ್ನು ನೋಡಿದ, ಆಮೇಲೆ ಕಂಪ್ಯೂಟರಿನಲ್ಲಿ ದಿನಾಂಕದ ಕಾಲಂ ತೆರೆದ. ಅವನು ಕೆಟ್ಟವನಲ್ಲ. ಆಂಟಿ ಎಂದು ಕರೆದಾಗ ಮಾತ್ರ ಬೈಸಿಕೊಂಡ.

ನನಗೆ ಈ ರೇಟಿನ ವಿಷಯ ತಿಳಿದದ್ದು ಚಹಾ ಕೊಡಲು ಹೋದಾಗ. ಪರದೆಯ ಮೇಲೆ ಸಾಲಾಗಿ ದೇಶಗಳ ದುಡ್ಡು, ಎದುರಿಗೆ ಅಂಕಿ. ಅಂಕಿ ಕಂಡರೆ ನಾನು ಓದದೆ ಬಿಡುವವಳಲ್ಲ. ಎಲ್ಲದರ ಎದುರು ಒಂದು ಎಂದಿತ್ತು, ಒಂದರ ಎದುರು ಮಾತ್ರ ನೂರು.

“ಇದಕ್ಯಾಕ ನೂರು ಬರದೀರಿ ಅಕ್ಕಾರ?”

“ಬಳಿಗಾರ ಬಳಿ ರೇಟು ಹೆಂಗ ಹೇಳ್ತಾನ?”

“ಡಜನ್‌ಗೆ ಇಷ್ಟು ಅಂತ.”

“ಒಂದಕ್ಕ ಯಾಕ ಹೇಳಾಂಗಿಲ್ಲ?”

“ಒಂದ ಬಳಿ ಯಾರ ತಗೋತಾರ್ರಿ?”

“ಹಂಗ ಇದು. ಜಪಾನದ ರೊಕ್ಕ ಸಣ್ಣದು. ಒಂದು ಯೆನ್ ಅಂದ್ರ ನಮ್ಮ ನಲವತ್ತು ಪೈಸಾ. ಅದಕ್ಕ ಬ್ಯಾಂಕಿನವರು ನೂರರ ಗಂಟು ಕಟ್ಟಿ ರೇಟು ಹೇಳ್ತಾರ. ನೂರಕ್ಕ ನಲವತ್ತು ರೂಪಾಯಿ. ಡಾಲರ್ ಒಂದಕ್ಕ, ಯುರೋ ಒಂದಕ್ಕ, ಯೆನ್ ನೂರಕ್ಕ. ಇಲ್ಲಿ ನೂರು ಅಂತ ಬರದು, ಅಲ್ಲಿ ನಲವತ್ತು ಅಂತ ಬರಿಯೂದು. ತಿಳೀತೋ?”

ತಿಳಿಯಿತು. ಬಳೆ ಕೊಂಡವರಿಗೆಲ್ಲ ತಿಳಿಯುವ ಮಾತು. ಮ್ಯಾನೇಜರ ಬಳೆ ಕೊಂಡಿರಲಿಲ್ಲ.

ಜಪಾನಿನಿಂದ ಬಂದದ್ದು ಒಂದೇ ಯಂತ್ರ, ಆದರೆ ವರ್ಕ್‌ಶಾಪಿಗೆ ಅದೇ ದೊಡ್ಡದು. ಬಾರ್ಜಿನ ಪಂಖ ತಿರುಗಿಸುವ ಉದ್ದನೆಯ ಉಕ್ಕಿನ ದಂಡವನ್ನು ಕಡೆದು ನಯ ಮಾಡುವ ಲೇಥು. ಅಲ್ಲಿ ಮುಚ್ಚಿಹೋದ ಒಂದು ಹಡಗುಕಟ್ಟೆಯಿಂದ ಹಳೆಯದನ್ನೇ ತಂದಿದ್ದರು. ಬಣ್ಣ ಕಿತ್ತುಹೋಗಿತ್ತು, ನೋಡಲು ಮುದಿ ಎಮ್ಮೆಯಂತಿತ್ತು, ಆದರೆ ಅದರಂತೆ ಕೆಲಸ ಮಾಡುವ ಯಂತ್ರ ಗೋವಾದಲ್ಲಿ ಇನ್ನೊಂದಿಲ್ಲ ಎಂದು ಅದನ್ನು ನಡೆಸುವ ಮೇಸ್ತ್ರಿ ಹೇಳುತ್ತಿದ್ದ. ಕೋಟಿ ಯೆನ್ ಕೊಟ್ಟು ತಂದದ್ದು. ನಮ್ಮ ಲೆಕ್ಕದಲ್ಲಿ ನಲವತ್ತು ಲಕ್ಷ. ಮಳೆಗಾಲದಲ್ಲಿ ಅದಕ್ಕೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ತಾಡಪತ್ರಿ ಹೊದ್ದು ಮಲಗಿರುತ್ತಿತ್ತು. ಮೇಸ್ತ್ರಿಯ ಜೊತೆ ಅದರ ಮೇಲೆ ಐದು ಜನ ದುಡಿಯುತ್ತಿದ್ದರು. ಐವರೂ ನಮ್ಮ ಮಂಗೋರ್ ಹಿಲ್‌ನವರು.

ರೇಟುಗಳನ್ನೆಲ್ಲ ಹಾಕಿ ಮುಗಿಸಿ ಆಕೆ ತಾಯಿಯ ತಿಥಿಗೆಂದು ನಾಲ್ಕು ದಿನ ಧಾರವಾಡಕ್ಕೆ ಹೋದಳು. ಯಂತ್ರಗಳನ್ನು ಇನ್ನೂ ಒಳಗೆ ಹಾಕಿರಲಿಲ್ಲ. ಆ ನಾಲ್ಕು ದಿನಗಳಲ್ಲಿ ಒಂದು ಮಧ್ಯಾಹ್ನ ನಾನು ಮ್ಯಾನೇಜರನ ಕೋಣೆಗೆ ಚಹಾ ಒಯ್ದೆ. ಅವನು ಪರದೆಯ ಮೇಲೆ ಅದೇ ಪಟ್ಟಿ ತೆರೆದುಕೊಂಡು ಕೂತಿದ್ದ. ಫೋನಿನಲ್ಲಿ ಮುಂಬೈಯ ಯಾರೊಂದಿಗೋ ಹಿಂದಿಯಲ್ಲಿ ನಗುತ್ತ ಮಾತಾಡುತ್ತಿದ್ದ. “ನಮ್ಮ ಮೇಡಂ ಜಪಾನಿನವರನ್ನು ಅಮೆರಿಕದವರ ಸಮಕ್ಕೆ ಕೂರಿಸಿದ್ದಾಳೆ. ಯೆನ್ನಿಗೆ ನಲವತ್ತು ರೂಪಾಯಿಯಂತೆ. ಈ ಮುದುಕಿಯರ ಕೈಗೆ ಸಿಸ್ಟಮ್ ಕೊಟ್ಟರೆ ಇಷ್ಟೇ.” ಫೋನನ್ನು ಹೆಗಲಿಗೆ ಒತ್ತಿಕೊಂಡು, ನಾನು ನೋಡುತ್ತಿರುವಂತೆಯೇ ನಲವತ್ತನ್ನು ಅಳಿಸಿದ. ಸೊನ್ನೆ, ಚುಕ್ಕಿ, ನಾಲ್ಕು, ಸೊನ್ನೆ ಒತ್ತಿದ. ಪಕ್ಕದ ಕಾಲಂನಲ್ಲಿದ್ದ ನೂರು ಅಲ್ಲೇ ಉಳಿಯಿತು. ಅದನ್ನು ಅವನು ನೋಡಲೇ ಇಲ್ಲ. ಈಗ ಅದು ನೂರು ಯೆನ್ನಿಗೆ ನಲವತ್ತು ಪೈಸೆ ಎಂದಾಯಿತು.

ನಾನು ನೋಡಿದೆ. ಇದು ತಪ್ಪು ಎಂದು ನನಗೆ ಗೊತ್ತಾಯಿತು. ಚಹಾ ಇಟ್ಟು ಬಂದೆ. ಕಸ ಹೊಡೆಯುವವಳನ್ನು ರೇಟು ಯಾರು ಕೇಳುತ್ತಾರೆ ಎಂದುಕೊಂಡೆ. ಆಕೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆಕೆ ಬರುವಷ್ಟರಲ್ಲಿ ಮೊಮ್ಮಗಳಿಗೆ ಜ್ವರ ಬಂದು ನಾನು ರಜೆ ಹಾಕಿದ್ದೆ, ಆಮೇಲೆ ಮರೆತೇಹೋಯಿತು. ಇದು ನನ್ನ ತಪ್ಪು. ಇದಕ್ಕೆ ಬೇರೆ ಬಣ್ಣ ಬಳಿಯುವುದಿಲ್ಲ.

ಯಂತ್ರಗಳು ಕಂಪ್ಯೂಟರಿನೊಳಗೆ ಹೋದವು. ಆ ಕೆಲಸವನ್ನು ಪುಣೆಯವನು ತನ್ನೂರಿಗೆ ಹೋಗಿ ಅಲ್ಲಿಂದಲೇ ಮಾಡಿದ. ಎಲ್ಲವನ್ನೂ ಕಾಗದದ ಮೇಲೆ ತೆಗೆದುಕೊಡಿ, ಪುಸ್ತಕದ ಜೊತೆ ತಾಳೆ ನೋಡುತ್ತೇನೆ ಎಂದು ಆಕೆ ಮೂರು ಸಲ ಕೇಳಿದಳು. ಇನ್ನು ಮುಂದೆ ಕಾಗದವಿಲ್ಲದ ಆಫೀಸು ಎಂದು ಮ್ಯಾನೇಜರ ಮೂರು ಸಲ ಹೇಳಿದ. ಆಕೆಯ ಪರದೆಯಲ್ಲಿ ಒಟ್ಟು ಲೆಕ್ಕ ಕಾಣದಂತೆ ಇಟ್ಟಿದ್ದರು. ಅದನ್ನು ನೋಡುವ ಅಧಿಕಾರ ಮೇಲಿನವರಿಗೆ ಮಾತ್ರವಂತೆ.

ಮಾರ್ಚ್ ಬಂತು. ಕಂಪ್ಯೂಟರ್ ತಾನೇ ಒಂದು ಪಟ್ಟಿ ತೆಗೆಯಿತು. ಇಪ್ಪತ್ತೈದು ಸಾವಿರಕ್ಕಿಂತ ಕಡಿಮೆ ಕಿಮ್ಮತ್ತು ಉಳಿದ ಸಾಮಾನುಗಳ ಪಟ್ಟಿ. ಅದರಲ್ಲಿರುವುದನ್ನೆಲ್ಲ ಮಾರಿ ಜಾಗ ಖಾಲಿ ಮಾಡಿ ಎಂದು ಮೇಲಿನವರ ನಿಯಮ. ಮುರಿದ ಫ್ಯಾನು, ಹಳೆಯ ಮೇಜು, ನೀರಿನ ಪಂಪು, ಅವುಗಳ ನಡುವೆ ಜಪಾನಿನ ಲೇಥು. ಉಳಿದ ಕಿಮ್ಮತ್ತು ಇಪ್ಪತ್ತು ಸಾವಿರ, ಪುಸ್ತಕದಲ್ಲಿ ಇಪ್ಪತ್ತು ಲಕ್ಷ. ಮ್ಯಾನೇಜರ ವರ್ಕ್‌ಶಾಪಿಗೆ ಬಂದು ತಾಡಪತ್ರಿ ಎತ್ತಿ ಇಣುಕಿದ, ಕಿತ್ತುಹೋದ ಬಣ್ಣ ನೋಡಿದ, ತಲೆಯಾಡಿಸಿದ. ಅದು ನಡೆದದ್ದನ್ನು ಅವನು ಒಂದು ಮಳೆಗಾಲವೂ ಕಂಡಿರಲಿಲ್ಲ.

ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ, ಕಿಮ್ಮತ್ತು ಸರಿಯಿದೆ ಎಂದು ಸಹಿ ಮಾಡಲು ಪಟ್ಟಿ ಆಕೆಯ ಮೇಜಿಗೆ ಬಂತು. ನಾನು ಅಲ್ಲೇ ಕಿಟಕಿ ಒರೆಸುತ್ತಿದ್ದೆ. ಆಕೆ ಬೆರಳು ಇಳಿಸುತ್ತ ಬಂದು ಒಂದು ಕಡೆ ನಿಂತಳು. ಪೆನ್ಸಿಲಿನಿಂದ ಪಕ್ಕದಲ್ಲಿ ಸಣ್ಣದಾಗಿ ಗುಣಿಸಿದಳು.

“ನೂರರಿಂದ ಎರಡ ಸಲ ಭಾಗಿಸ್ಯಾರ,” ಎಂದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಮ್ಯಾನೇಜರನ ಕೋಣೆಯ ಆ ಮಧ್ಯಾಹ್ನ ನೆನಪಾಯಿತು. ಬಾಗಿಲು ಮುಂದೆ ಮಾಡಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನೀ ನೋಡೇ ಇಲ್ಲ,” ಎಂದಳು. “ತಿಳೀತೇನು? ನಿನ್ನ ತಗದ್ರ ಮರುದಿನ ಇನ್ನೊಬ್ಬಾಕಿ ಬರ್ತಾಳ. ನಾ ಪುಸ್ತಕದಾಗಿಂದ ತೋರಸ್ತೇನಿ. ಕಂಪ್ಯೂಟರಿನಾಗೂ ಐತಿ. ಯಾರು, ಯಾವ ದಿನ, ಯಾವ ಅಂಕಿ ಮುಟ್ಟ್ಯಾರ ಅಂತ ಅದು ಬರಕೊಂಡಿರತೈತಿ. ಪುಣೆಯಾಂವ ನಂಗ ತೋರಿಸ್ಯಾನ.”

ಪಟ್ಟಿ, ಪುಸ್ತಕ, ಬ್ಯಾಂಕಿನ ಚೀಟಿ ಮೂರನ್ನೂ ಹಿಡಿದು ಮ್ಯಾನೇಜರನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ಹೊರಗೆ ನನಗೆಲ್ಲ ಕೇಳುತ್ತಿತ್ತು. “ಮೇಡಂ, ಸಿಸ್ಟಮ್ ಝೂಟ್ ನಹೀ ಬೋಲ್ತಾ,” ಎಂದ. ಸಿಸ್ಟಮ್ ಸುಳ್ಳು ಹೇಳುವುದಿಲ್ಲ, ಅದಕ್ಕೆ ಸುಳ್ಳು ಹೇಳಿಕೊಟ್ಟವರು ಇದ್ದಾರೆ, ಯಾರು ಎಂಬುದು ಅದರೊಳಗೇ ಇದೆ, ತೆಗೆಯಿರಿ ಎಂದು ಆಕೆ ಹೇಳಿದಳು. ಆಗ ಅವನಿಗೆ ನೆನಪಾಗಿರಬೇಕು. ಸಂಜೆಯೊಳಗೆ ಆಕೆಯ ಪಾಸ್‌ವರ್ಡ್ ಬಂದ್ ಆಯಿತು.

ಎರಡು ದಿನ ಬಿಟ್ಟು ಗುಜರಿ ಸಾಹುಕಾರ ಲಾರಿ, ಕ್ರೇನು ತೆಗೆದುಕೊಂಡು ಬಂದ. ಬೆಳಗಾವಿ ಕಡೆಯವನು, ವಾಸ್ಕೋದಲ್ಲಿ ಇಪ್ಪತ್ತು ವರ್ಷದಿಂದ ಹಳೆಯ ಕಬ್ಬಿಣ ಕೊಳ್ಳುವವನು. ಆಕೆ ಸಹಿ ಮಾಡಿರಲಿಲ್ಲ, ಆದರೂ ಮ್ಯಾನೇಜರ ಕರೆಸಿದ್ದ. ಆಕೆ ಲೇಥಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ತೊಡೆಯ ಮೇಲೆ ಪುಸ್ತಕ. ಎಡಗೈ ಯಂತ್ರದ ಮೇಲೆ.

ಮೇಸ್ತ್ರಿ ಹತ್ತಿರ ಬಂದು, “ಬಾಯೇ, ಹೆಂ ಕಿತೆಂ?” ಎಂದು ಕೇಳಿದ. ಇದೇನು ನಡೆಸಿದ್ದೀಯೆ ಎಂದು.

“ಕೂತೇನಿ. ಕುಂದ್ರಬಾರದೇನು?”

ಮ್ಯಾನೇಜರ ಅವಳನ್ನು ಬಿಟ್ಟು ಸಾಹುಕಾರನ ಕಡೆ ತಿರುಗಿ, ಇದನ್ನು ಎತ್ತಿಸಿ ಎಂದ. ಸಾಹುಕಾರ ತಾಡಪತ್ರಿ ಸರಿಸಿದ. ಯಂತ್ರದ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಕೆಳಗೆ ನೋಡಿದ. ಕೈಯಿಂದ ಚಕ್ರ ತಿರುಗಿಸಿದ, ಅದು ಸದ್ದಿಲ್ಲದೆ ತಿರುಗಿತು.

“ಇದಕ್ಕ ಎಷ್ಟು ಹಿಡದೀರಿ ಸಾಹೇಬ್ರ?”

ಇಪ್ಪತ್ತು ಸಾವಿರ ಎಂದು ಮ್ಯಾನೇಜರ ಹೇಳಿದ. ಸಾಹುಕಾರ ಬಾಯೊಳಗಿನ ಎಲೆ ಅಡಿಕೆ ಉಗಿದು ಬಂದ.

“ನೋಡ್ರಿ ಸಾಹೇಬ್ರ, ನಾ ವ್ಯಾಪಾರಸ್ಥ, ಅಗ್ಗ ಸಿಕ್ರ ತಗೋಬೇಕು. ಆದ್ರ ಇದು ಎಂಟು ಟನ್ನು ಐತಿ. ಬರೇ ಕಬ್ಬಿಣದ ತೂಕಕ್ಕ ಹಿಡದ್ರೂ ಲಕ್ಷ ದಾಟತೈತಿ. ಇಪ್ಪತ್ತು ಸಾವಿರಕ್ಕ ಒಯ್ದ್ರ ನಾಳೆ ಪೊಲೀಸರು ನನ್ನ ಬಾಗಲಿಗೆ ಬರ್ತಾರ, ನಿಮ್ಮ ಬಾಗಲಿಗಲ್ಲ.” ಆಮೇಲೆ ಸ್ಟೂಲಿನ ಮೇಲೆ ಕೂತವಳನ್ನು ನೋಡಿ, “ಅಲ್ರೀ ಬಾಯಾರ, ಇದ್ಯಾರ್ರಿ ಲೆಕ್ಕ ಮಾಡಿದವರು?” ಎಂದ.

“ಅವರ್ನ ಕೇಳ್ರಿ,” ಎಂದಳು.

ಲೇಥಿನ ಮೇಲೆ ದುಡಿಯುವ ಐವರೂ ನಕ್ಕರು. ಮೇಸ್ತ್ರಿಯೂ ನಕ್ಕ. ಸಾಹುಕಾರ ಮುರಿದ ಫ್ಯಾನು, ಮೇಜು, ಪಂಪು ಹೇರಿಕೊಂಡು ಹೋದ. ಲೇಥು ಅಲ್ಲೇ ಉಳಿಯಿತು. ಆಕೆ ಎದ್ದು ಸೀರೆ ಜಾಡಿಸಿಕೊಂಡಳು. ಅಷ್ಟು ಜನರ ನಡುವೆ ಒಬ್ಬ ಗಂಡಸನ್ನು ನಗೆಗೀಡು ಮಾಡಿದರೆ ಅವನು ಬಿಡುವುದಿಲ್ಲ ಎಂದು ನನಗೆ ಅಲ್ಲೇ ಅನ್ನಿಸಿತು.

ಬಿಡಲಿಲ್ಲ. ಯಂತ್ರ ಉಳಿಯಿತು, ಕಂಪ್ಯೂಟರಿನೊಳಗಿನ ಇಪ್ಪತ್ತು ಸಾವಿರವೂ ಉಳಿಯಿತು. ಅದು ಹೇಗೆ ಆಯಿತು ಎಂದು ಮೇಲಿನವರಿಗೆ ಅವನು ಉತ್ತರ ಕೊಡಬೇಕು. ಒಂದು ಕಾಗದ ಟೈಪು ಮಾಡಿಸಿ ಆಕೆಯ ಮುಂದೆ ಇಟ್ಟ. ಇಂಗ್ಲಿಷಿನಲ್ಲಿತ್ತು, ಆಕೆ ನನಗೆ ಕನ್ನಡದಲ್ಲಿ ಓದಿ ಹೇಳಿದಳು. ನನಗೆ ಕಂಪ್ಯೂಟರಿನ ತಿಳಿವಳಿಕೆ ಸಾಲದ್ದರಿಂದ ಯೆನ್ನಿನ ರೇಟನ್ನು ತಪ್ಪಾಗಿ ಹಾಕಿದೆ, ಇದು ನನ್ನ ತಪ್ಪು. ಕೆಳಗೆ ಸಹಿಗೆ ಗೆರೆ. ಸಹಿ ಮಾಡಿದರೆ ಇನ್ನೆರಡು ವರ್ಷ ನೌಕರಿ ಇರುತ್ತದೆ, ಮಾಡದಿದ್ದರೆ ನಿಮ್ಮ ಜಾಗವೇ ಇನ್ನು ಬೇಕಿಲ್ಲ ಎಂದಿದ್ದ.

“ಮಾಡಿಬಿಡ್ರಿ ಅಕ್ಕಾರ,” ಎಂದೆ. “ಒಂದು ಗೆರಿ. ಎರಡು ವರ್ಷದ ಅನ್ನ.”

“ನೀ ನಂಬರು ಅಳಿಸಿದ್ದಿ. ಅಳಿಸಿದೆ ಅಂದಿ. ನಾ ಅಳಿಸಿದ್ರ ನಾನೂ ಅಂತಿದ್ದೆ.” ಕಾಗದವನ್ನು ನಾಲ್ಕಾಗಿ ಮಡಚಿ ಚಹಾದ ಲೋಟದ ಕೆಳಗೆ ಇಟ್ಟಳು, ಮೇಜು ಒದ್ದೆಯಾಗದಂತೆ. ಮ್ಯಾನೇಜರ ಬಂದು ಕೇಳಿದಾಗ ಲೋಟ ಎತ್ತಿ ಹಾಗೇ ಕೊಟ್ಟಳು. ದುಂಡಗೆ ಚಹಾದ ಕಲೆ ಬಿದ್ದಿತ್ತು.

ಹೊರಗಿನ ಆಡಿಟರ್ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಬಂದು ಎಂಟು ದಿನ ಲೆಕ್ಕ ಪರೀಕ್ಷೆ ಮಾಡುತ್ತಿದ್ದ. ಅವನೂ ಬೆಳಗಾವಿಯವನು, ನಮ್ಮ ಮಾತಿನವನು. ಯಂತ್ರಗಳ ವಿಷಯದಲ್ಲಿ ಆಕೆಯನ್ನಲ್ಲದೆ ಬೇರೆಯವರನ್ನು ಕೇಳುತ್ತಿರಲಿಲ್ಲ. ಹಾಗಾಗಿ ಆತ ಬರುವ ಹಿಂದಿನ ದಿನವೇ ಬೀಳ್ಕೊಡುಗೆ ಇಟ್ಟರು. ಊಟದ ಕೋಣೆಯಲ್ಲಿ ಎರಡು ಮೇಜು ಕೂಡಿಸಿ ಬಿಳಿ ಬಟ್ಟೆ ಹಾಸಿದೆವು. ಸಮೋಸಾ, ಪೇಢೆ, ಗೋಡೆ ಗಡಿಯಾರದ ಡಬ್ಬಿ. ಮ್ಯಾನೇಜರ ಭಾಷಣ ಮಾಡಿದ. ಮೇಡಂ ಹಳೆಯ ಪುಸ್ತಕದ ಕಾಲದವರು, ಹೊಸ ತಂತ್ರಜ್ಞಾನಕ್ಕೆ ತಾವಾಗಿ ಜಾಗ ಬಿಟ್ಟುಕೊಟ್ಟು ದೊಡ್ಡತನ ತೋರಿದರು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಮಾತು ಆಡಿ ಎಂದು ಆಕೆಗೂ ಹೇಳಿದರು.

ಎದ್ದು ನಿಂತಳು.

“ನಾ ಬಿಟ್ಟಿಲ್ಲ. ಬಿಡಿಸ್ಯಾರ. ಕಂಪ್ಯೂಟರ್ ನಂಗ ಬರತೈತಿ. ರೇಟು ಅವರಿಗೆ ಬರಾಂಗಿಲ್ಲ.”

ಅದನ್ನೇ ಹಿಂದಿಯಲ್ಲೂ ಒಂದು ಸಲ ಹೇಳಿದಳು, ತಿಳಿಯದವರು ಉಳಿಯಬಾರದೆಂದು. ಕೂತಳು. ಸಮೋಸಾ ತೆಗೆದುಕೊಂಡು ತಿಂದಳು, ಇನ್ನೊಂದನ್ನೂ ತೆಗೆದುಕೊಂಡಳು. ಗಡಿಯಾರವನ್ನು ಅಲ್ಲೇ ಬಿಟ್ಟಳು.

ನಾನು ಚಪ್ಪಾಳೆ ತಟ್ಟಲಿಲ್ಲ. ಆದರೆ ಬಾಯಿಯನ್ನೂ ಬಿಚ್ಚಲಿಲ್ಲ. ಟ್ರೇ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ.

ಸಂಜೆ ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಪುಸ್ತಕ ಕಂಪನಿಯದು, ಅದನ್ನು ಕೊಟ್ಟು ಬಂದಿದ್ದಳು. ಬರಿಗೈಯಲ್ಲಿ ನಡೆಯುವುದು ರೂಢಿಯಿಲ್ಲದೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

“ಆ ಕಾಗದ ಬ್ಯಾರೆ ಟೈಪು ಮಾಡಿಸಿ ನಾಳೆ ಆಡಿಟರ್ ಮುಂದ ಇಡ್ತಾನಂತ,” ಎಂದೆ. “ನೀವು ಸಹಿ ಮಾಡ್ಲಿಲ್ಲ ಅಂತ ತಾನ ಸಹಿ ಮಾಡ್ಯಾನಂತ. ತಪ್ಪು ನಿಮ್ಮದ ಅಂತ.”

“ಇಡ್ಲಿ.”

“ನಾ ಹೇಳ್ತೇನಿ ಆಡಿಟರ್‌ಗೆ.”

“ಹೇಳಬ್ಯಾಡ. ನಿಂಗ ಇನ್ನೂ ಆರು ವರ್ಷ ನೌಕರಿ ಐತಿ. ಮನ್ಯಾಗ ಕುಡಕ ಮಗ ಅದಾನ, ಸಣ್ಣ ಮಮ್ಮಗಳು ಅದಾಳ. ನನ್ನ ಜಗಳಾ ನಾ ಆಡೇನಿ, ಮುಗೀತು. ನೀ ಸುಮ್ನ ಇರು.”

“ಸುಮ್ನ ಇದ್ದದ್ದಕ್ಕ ಇಷ್ಟಾತು.”

“ಹೇಳಿದ ಮಾತು ಕೇಳು.”

ಬಸ್ಸು ಬಂತು. ಹತ್ತಿದಳು. ಹಿಂದೆ ತಿರುಗಿ ನೋಡುವ ಅಭ್ಯಾಸ ಆಕೆಗೆ ಇರಲಿಲ್ಲ, ನೋಡಲೂ ಇಲ್ಲ. ಅಷ್ಟು ವರ್ಷ ಆಕೆ ಹೇಳಿದ್ದನ್ನು ನಾನು ಮೀರಿದವಳಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಹೋಗಿ ಎಂದಿನಂತೆ ಕಸ ಹೊಡೆದೆ. ಒಂಬತ್ತೂವರೆಗೆ ಆಡಿಟರ್ ಬಂದು ಲೆಕ್ಕದ ಕೋಣೆಯಲ್ಲಿ ಕೂತ. ಮ್ಯಾನೇಜರ ಆ ಕಾಗದವನ್ನು ಅವನ ಮುಂದಿಟ್ಟು ಪಕ್ಕದಲ್ಲಿ ನಿಂತಿದ್ದ. ಎರಡು ಚಹಾ ಒಯ್ದು ಇಬ್ಬರ ಮುಂದೂ ಇಟ್ಟೆ. ಟ್ರೇಯನ್ನು ನೆಲದ ಮೇಲಿಟ್ಟೆ. ಮೇಜಿನ ಈಚೆ ಖಾಲಿಯಿದ್ದ ಕುರ್ಚಿ ಎಳೆದು ಕೂತೆ. ಆ ಕೋಣೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

“ಕ್ಯಾ ಹುವಾ, ಬಾಯಿ?” ಎಂದ ಮ್ಯಾನೇಜರ.

ಅವನ ಕಡೆ ನೋಡಲಿಲ್ಲ.

“ಸಾಹೇಬ್ರ, ಪೆನ್ನು ತಗೋರಿ,” ಎಂದು ಆಡಿಟರ್‌ಗೆ ಹೇಳಿದೆ. “ಆ ರೇಟು ಯಾರು ತಿದ್ದ್ಯಾರ ಅಂತ ನಾ ಹೇಳ್ತೇನಿ. ಬರಕೋರಿ.”